ನೀರಿಗೆ ಅಂಜುವ ಸಾಹೇಬರು

ನಮ್ಮ ಹಳೆಯ ಕಂಪೌಂಡರ್ ವರ್ಷಕ್ಕೊಂದು ಪತ್ರ ಬರೆಯುತ್ತಾನೆ. ಮೊಮ್ಮಕ್ಕಳ ಸುದ್ದಿ, ಮೊಣಕಾಲು ನೋವಿನ ಸುದ್ದಿ, ಕಬ್ಬಿನ ಸುದ್ದಿ ಎಲ್ಲ ಮುಗಿದು ಕಾಗದದಲ್ಲಿ ಇನ್ನೂ ಜಾಗ ಉಳಿದಿದ್ದರೆ ಮುಖ್ಯವಾದ ಸುದ್ದಿ ಬರೆಯುತ್ತಾನೆ. ಈ ಸಲದ ಕೊನೆಯ ಸಾಲು ಹೀಗಿತ್ತು: ನಮ್ಮ ಸಾಹೇಬರು ಹೋದ ಅಮಾವಾಸ್ಯೆಯ ಮರುದಿನ ಜಮಖಂಡಿಯಲ್ಲಿ ತೀರಿಕೊಂಡರು, ತಮಗೆ ತಿಳಿದಿರಲಿ. ಓದಿದ ಕೂಡಲೇ ನನಗೆ ದುಃಖವಾಗಲಿಲ್ಲ, ಹಳೆಯ ಭಯ ಎದ್ದಿತು. ಅವರ ಜೀಪು ದವಾಖಾನೆಯ ಮುಂದೆ ನಿಂತಾಗ ಏಳುತ್ತಿದ್ದದ್ದು ಇದೇ ಭಯ.

ಸತ್ತವರ ಬಗ್ಗೆ ಬರೆಯುವಾಗ ಧೈರ್ಯವಂತರಿದ್ದರು ಎಂದು ಬರೆಯುವುದು ರೂಢಿ. ನಾನು ಹಾಗೆ ಬರೆದರೆ ಸಾಹೇಬರೇ ಎದ್ದು ಬಂದು ಕೆಂಪು ಶಾಯಿಯಲ್ಲಿ ಗೀಟು ಹಾಕಿಯಾರು. ಅವರಷ್ಟು ಅಂಜುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಧಿಕಾರಿಗೆ ಅಂಜುತ್ತಿರಲಿಲ್ಲ, ರಾಜಕಾರಣಿಗೆ ಅಂಜುತ್ತಿರಲಿಲ್ಲ. ಅವರು ಅಂಜುತ್ತಿದ್ದದ್ದು ನೀರಿಗೆ.

ಜಮಖಂಡಿ ಭಾಗದ ಆರೋಗ್ಯದ ಹೊಣೆ ಅವರದು. ಮುಧೋಳದಲ್ಲೋ ಬೀಳಗಿಯಲ್ಲೋ ಜಾಗ ಖಾಲಿ ಬಿದ್ದರೆ ಅದೂ ಅವರ ಹೆಗಲಿಗೇ ಬರುತ್ತಿತ್ತು. ಡಾಕ್ಟರಿಕೆ ಓದಿದ ಮೇಲೆ ಮುಂಬೈಗೆ ಹೋಗಿ ಸಾರ್ವಜನಿಕ ಆರೋಗ್ಯವನ್ನು ಬೇರೆಯಾಗಿ ಓದಿ ಬಂದವರು. ಆ ಕಾಲಕ್ಕೆ ಅಂಥ ಓದಿಗೆ ಹೋಗುವವರೇ ಕಡಿಮೆ. ಸೂಜಿ ಇಲ್ಲ, ಕತ್ತರಿ ಇಲ್ಲ, ಸ್ವಂತ ದವಾಖಾನೆ ತೆರೆಯುವಂತಿಲ್ಲ, ಚರಂಡಿ ನೋಡಿಕೊಂಡು ತಿರುಗುವುದಕ್ಕೆ ಇಷ್ಟು ದೂರ ಹೋಗಿ ಓದಬೇಕೇ ಎಂದು ಅವರ ಜೊತೆಯ ಡಾಕ್ಟರುಗಳೇ ನಗುತ್ತಿದ್ದರಂತೆ. ನಾನು ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದು ಮುಗಿಸಿ ಅವರ ಕೈಕೆಳಗೆ ಬನಹಟ್ಟಿಯ ದವಾಖಾನೆಗೆ ಬಂದಾಗ ನನಗೆ ಇಪ್ಪತ್ತೈದು ವರ್ಷ. ನನ್ನ ತವರು ಜಮಖಂಡಿಯೇ, ಅಪ್ಪನದು ಕಾಳುಕಡಿಯ ಅಂಗಡಿ.

ಮದುವೆ ಮನೆಗೆ ಸಾಹೇಬರು ಬಂದರೆ ಚಪ್ಪರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೇರ ಹಿತ್ತಲಿಗೆ, ಅಡುಗೆಯವರು ನೀರು ತುಂಬಿಟ್ಟ ಹಂಡೆಗಳ ಹತ್ತಿರ ಹೋಗುತ್ತಿದ್ದರು. ಜೇಬಿನಿಂದ ಪುಟ್ಟ ಬಾಟಲಿ ತೆಗೆದು ಒಂದು ಗ್ಲಾಸು ನೀರಿಗೆ ನಾಲ್ಕು ಹನಿ ಹಾಕಿ ಬೆಳಕಿಗೆ ಹಿಡಿಯುವರು. ನೀರು ಹಳದಿಯಾದರೆ ಬ್ಲೀಚಿಂಗ್ ಪುಡಿ ಬಿದ್ದಿದೆ ಎಂದರ್ಥ. ಆಗ ಗ್ಲಾಸು ಚೆಲ್ಲಿ, ಕೈ ತೊಳೆದು, ಅಕ್ಷತೆ ಹಾಕಿ, ಹೊಟ್ಟೆ ತುಂಬ ಉಣ್ಣುವರು. ಹಳದಿಯಾಗದಿದ್ದರೆ ಇವತ್ತು ನನ್ನದು ಉಪವಾಸ ಎಂದು ಹೇಳಿ ಅಡುಗೆಯವರ ಕೈಯಿಂದ ಎಲ್ಲ ನೀರಿಗೂ ಪುಡಿ ಹಾಕಿಸಿಯೇ ಹೊರಡುವರು. ಸಾಹೇಬರಿಗೆ ವಾರದಲ್ಲಿ ಎಂಟು ಉಪವಾಸ ಎಂದು ಕಂಪೌಂಡರ್ ಆಡಿಕೊಳ್ಳುತ್ತಿದ್ದ.

ಆಷಾಢದಲ್ಲಿ ಪಂಢರಪುರದ ಯಾತ್ರೆಗೆ ಗುಂಪುಗೂಡಿ ಹೋಗುವ ದಿಂಡಿಯವರಿಗೆ ಕಾಲರಾ ಸೂಜಿ ಹಾಕುವ ಕೆಲಸ ನಮ್ಮದು. ಬೇರೆ ಅಧಿಕಾರಿಗಳು ಅದನ್ನು ಕಂಪೌಂಡರನಿಗೆ ಒಪ್ಪಿಸಿ ಚಹಾ ಕುಡಿಯಲು ಹೋಗುವರು. ಇವರು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ತಾವೇ ಸೂಜಿ ಹಿಡಿದು ನಿಲ್ಲುವರು. ಒಬ್ಬ ಮುದುಕ ತಾಳ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ವಿಠ್ಠಲ ಇದ್ದಾನೆ, ನನಗೇಕೆ ಸೂಜಿ ಎಂದ. ಸಾಹೇಬರು ಅವನ ತೋಳಿಗೆ ಸ್ಪಿರಿಟ್ ಹಚ್ಚುತ್ತಲೇ ಉತ್ತರ ಕೊಟ್ಟರು. "ವಿಠ್ಠಲನ ಮ್ಯಾಲ ನನಗೇನೂ ಸಂಶೇ ಇಲ್ಲ ಅಜ್ಜಾ. ಚಂದ್ರಭಾಗಾ ಹೊಳಿ ನೀರಿನ ಮ್ಯಾಲ ಐತಿ."

ಮಳೆಗಾಲದಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ. ಕೃಷ್ಣೆಗೆ ಕೆಂಪು ನೀರು ಬಂತು ಎಂದರೆ ಊರಿನವರೆಲ್ಲ ಗಲಗಲಿಯ ದಂಡೆಗೆ ಹೋಗಿ ಹೊಳೆಗೆ ಬಾಗಿನ ಕೊಟ್ಟು ಸಂತೋಷಪಡುವರು. ಸಾಹೇಬರು ಅದೇ ದಂಡೆಯ ಮೇಲೆ ಜೀಪಿಗೆ ಆತುಕೊಂಡು, ಡಬ್ಬಿಯಲ್ಲಿ ತಂದ ರೊಟ್ಟಿಯನ್ನು ನಿಂತೇ ತಿನ್ನುತ್ತ, ಈ ನೀರು ಯಾವ ಯಾವ ಊರಿನ ಬಾವಿಗೆ ಇಳಿಯುತ್ತದೆ ಎಂದು ಬೆರಳು ಮಡಿಚಿ ಲೆಕ್ಕ ಹಾಕುವರು. ಒಮ್ಮೆ ನಾನು ಧೈರ್ಯ ಮಾಡಿ, ಇಷ್ಟು ಯಾಕೆ ಅಂಜುತ್ತೀರಿ ಸರ್, ಚಿಕ್ಕಂದಿನಲ್ಲಿ ಏನಾದರೂ ಆಗಿತ್ತೇ ಎಂದು ಕೇಳಿದೆ. ಏನೋ ಕಥೆ ಹೊರಬೀಳುತ್ತದೆ ಎಂದು ನನ್ನ ಎಣಿಕೆ. ಅಂಥದ್ದೇನೂ ಇರಲಿಲ್ಲ.

"ಓದೂಕಿಂತ ಮದಲ ನಾನೂ ಛಲೋ ಧೈರ್ಯದ ಮನಷ್ಯಾ ಇದ್ದೆ ಬಾಯಾರ. ಯಾವ ಬಾವಿ ನೀರು ಕೊಟ್ರೂ ಕುಡೀತಿದ್ದೆ. ಅಲ್ಲಿ ಓದಿಸಿ ಅಂಜಿಕಿ ಹಚ್ಚಿ ಕಳಿಸಿದ್ರು."

ಆ ಮಾತಿಗೇ ನನಗೂ ಆ ಓದು ಬೇಕೆನ್ನಿಸಿತು. ದವಾಖಾನೆಯ ಸಾಲಿನಲ್ಲಿ ನಿಂತವರಿಗೆ ಗುಳಿಗೆ ಕೊಟ್ಟು ಕಳಿಸಿದರೆ ಮರುವಾರ ಅದೇ ಜನ ಅದೇ ಬೇನೆಯೊಂದಿಗೆ ಬರುತ್ತಿದ್ದರು. ಸಾಹೇಬರು ತಮ್ಮ ಮಗಳ ಶಾಲೆಯ ಹಳೆಯ ಅಟ್ಲಾಸು ಬಿಡಿಸಿ, ಕಾಲರಾ ಯಾವ ಹಡಗು ಹತ್ತಿ ಯಾವ ದೇಶಕ್ಕೆ ಹೋಯಿತು, ಅಲ್ಲಿಯವರು ಏನು ಮಾಡಿದರು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಬನಹಟ್ಟಿಯ ಒಂದು ಓಣಿಗೂ ಸಮುದ್ರದಾಚೆಯ ಊರಿಗೂ ಅವರ ಬೆರಳಿನಲ್ಲಿ ಒಂದೇ ದಾರಿ ಇತ್ತು. ಇಲಾಖೆಯಿಂದ ವರ್ಷಕ್ಕೊಬ್ಬರನ್ನು ಆ ಓದಿಗೆ ಕಳಿಸುತ್ತಿದ್ದರು. ನಾನು ಅರ್ಜಿ ಬರೆದೆ. ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದ: ಈ ವರ್ಷ ಸಿಕ್ಕರೆ ಹೋಗು, ಸಿಗದಿದ್ದರೆ ವಿಜಾಪುರದ ಸಂಬಂಧಕ್ಕೆ ಹೂಂ ಅನ್ನು. ಹೂಂ ಅಂದರೆ ಓದಷ್ಟೇ ಅಲ್ಲ, ನೌಕರಿಯೂ ಹೋಗುತ್ತಿತ್ತು, ಏಕೆಂದರೆ ಆ ಮನೆಯವರಿಗೆ ಓಣಿ ತಿರುಗುವ ಸೊಸೆ ಬೇಕಿರಲಿಲ್ಲ. ಅರ್ಜಿಯ ಕೆಳಗೆ ಸಾಹೇಬರ ಅಭಿಪ್ರಾಯ ಬೇಕಿತ್ತು, ಅವರು ಆ ತಿಂಗಳ ಬಾವಿಗಳ ರಿಜಿಸ್ಟರ್ ನೋಡಿ ಬರೆಯುತ್ತೇನೆ ಎಂದಿದ್ದರು.

ಈ ರಿಜಿಸ್ಟರಿನ ಬಗ್ಗೆ ಹೇಳಲೇಬೇಕು. ಒಂದೊಂದು ಬಾವಿಗೆ ಒಂದೊಂದು ಸಾಲು, ಒಂದೊಂದು ವಾರಕ್ಕೆ ಒಂದೊಂದು ಚೌಕ. ಪುಡಿ ಹಾಕುವವನು ಬಾವಿಗೆ ಪುಡಿ ಹಾಕಿ ಬಂದು ಚೌಕದಲ್ಲಿ ಗುರುತು ಮಾಡಬೇಕು. ವಾರದ ಲೆಕ್ಕ ಜಮಖಂಡಿಗೆ ಹೋದಾಗ ಚೌಕ ಖಾಲಿ ಕಂಡರೆ ಮರುದಿನ ಸಾಹೇಬರ ಜೀಪು ಬರುತ್ತಿತ್ತು. ಅವರು ಬೈಯುತ್ತಿರಲಿಲ್ಲ, ಬೈದಿದ್ದರೆ ಚಲೋ ಇತ್ತು. ಬಾವಿಯ ಕಟ್ಟೆಯ ಮೇಲೆ ತಪ್ಪು ಮಾಡಿದವನನ್ನು ನಿಲ್ಲಿಸಿಕೊಂಡು, ನೀರೆಳೆಯಲು ಬಂದ ಹೆಂಗಸರ ಎದುರಿಗೇ, ನಡುಗುವ ದನಿಯಲ್ಲಿ ಏನೇನು ಆಗಬಹುದಿತ್ತು ಎಂದು ಒಂದೊಂದಾಗಿ ಹೇಳುವರು. ಕೂಸು ಹೇಗೆ ಒಣಗುತ್ತದೆ, ಕಣ್ಣು ಹೇಗೆ ಒಳಗೆ ಹೋಗುತ್ತವೆ, ಬಾಣಂತಿ ಹೇಗೆ ತಣ್ಣಗಾಗುತ್ತಾಳೆ. ಒಮ್ಮೆ ಕೇಳಿಸಿಕೊಂಡವನು ಎರಡನೆಯ ಸಲ ಚೌಕ ಖಾಲಿ ಬಿಡುತ್ತಿರಲಿಲ್ಲ.

ಬನಹಟ್ಟಿಯ ನೇಕಾರರ ಓಣಿಯ ನಡುವೆ ಒಂದು ಬಾವಿ ಇತ್ತು. ನೂಲಿಗೆ ಬಣ್ಣ ಕಟ್ಟುವುದೂ ಜಾಲಿಸುವುದೂ ಅದರ ನೀರಿನಲ್ಲೇ. ಆಷಾಢದ ಹುಣ್ಣಿಮೆ ಮುಗಿದ ಮೇಲೆ ಆ ಓಣಿಯ ಯಜಮಾನರು ದವಾಖಾನೆಗೆ ಬಂದರು. ಅರವತ್ತು ದಾಟಿದವರು, ಮಗ್ಗದ ಕುಣಿಯಲ್ಲಿ ಕೂತು ಕೂತು ಸೊಂಟ ಬಾಗಿತ್ತು. ಅವರ ಸೊಸೆ ಶಾಂತವ್ವ ನನಗೆ ಗುರುತಿನವಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳುವವಳು, ನನ್ನ ವಯಸ್ಸಿನವಳೇ. ಯಜಮಾನರು ಹೇಳಿದ್ದಿಷ್ಟು. ಪುಡಿ ಹಾಕಿದ ನೀರಿನಲ್ಲಿ ಜಾಲಿಸಿದ ಕೆಂಪು ನೂಲು ಮಾಸುತ್ತಿದೆ. ಪಂಚಮಿಯ ಸೀರೆಗಳನ್ನು ಸಾಹುಕಾರ ಹಿಂದಕ್ಕೆ ಕಳಿಸಿದರೆ ಇಡೀ ಓಣಿಯ ಹಬ್ಬ ಹೋಗುತ್ತದೆ. ಪಂಚಮಿ ಮುಗಿಯುವವರೆಗೆ ಈ ಒಂದು ಬಾವಿಗೆ ಪುಡಿ ಬೇಡ. ಕುಡಿಯುವುದಕ್ಕೆ ಗುಡಿಯ ಬಾವಿ ಇದೆ, ಇದರ ಹನಿ ನೀರನ್ನೂ ಯಾರೂ ಬಾಯಿಗೆ ಹಾಕುವುದಿಲ್ಲ ಎಂದು ಕೈಮುಗಿದು ಮಾತು ಕೊಟ್ಟರು.

ಅಷ್ಟು ಪುಡಿಗೆ ಬಣ್ಣ ಹೋಗುತ್ತದೋ ಇಲ್ಲವೋ ನನಗೆ ಇಂದಿಗೂ ಖಚಿತವಿಲ್ಲ. ಅವರ ಮುಖ ನೋಡಿ ಒಪ್ಪಿಕೊಂಡೆ. ಅದು ದೊಡ್ಡ ತಪ್ಪಲ್ಲ, ಸಾಹೇಬರಿಗೆ ಹೇಳಿದ್ದರೆ ಏನಾದರೂ ದಾರಿ ಹುಡುಕುತ್ತಿದ್ದರು. ಆದರೆ ವಾರದ ಕೊನೆಗೆ ರಿಜಿಸ್ಟರ್ ಮುಂದಿಟ್ಟುಕೊಂಡಾಗ ಆ ಖಾಲಿ ಚೌಕ ನನ್ನನ್ನು ಹೆದರಿಸಿತು. ಖಾಲಿ ಬಿಟ್ಟರೆ ಜೀಪು ಬರುತ್ತದೆ, ಓಣಿಯ ನಡುವೆ ನಿಲ್ಲಿಸುತ್ತಾರೆ, ಅಭಿಪ್ರಾಯ ಬರೆಯುವ ಕೈ ಹಿಂದೆ ಸರಿಯುತ್ತದೆ, ವರ್ಷ ಹೋಗುತ್ತದೆ. ಪುಡಿ ಹಾಕುವವನಿಗೆ ರಿಜಿಸ್ಟರ್ ಕೊಡದೆ ನಾನೇ ಗುರುತು ಹಾಕಿದೆ. ಮರುವಾರವೂ ಹಾಕಿದೆ.

ಪಂಚಮಿಗೆ ಮೂರು ದಿನ ಇರುವಾಗ ಯಜಮಾನರ ಮಗ ಸೈಕಲ್ಲಿನ ಮೇಲೆ ಬಂದು, ಬೆಳಗಿನಿಂದ ಮನೆಯಲ್ಲಿ ವಾಂತಿ ಭೇದಿ ಎಂದ. ಹೋಗಿ ನೋಡಿದರೆ ಶಾಂತವ್ವನ ಕಣ್ಣು ಆಗಲೇ ಒಳಗೆ ಹೋಗಿದ್ದವು. ಪಕ್ಕದ ಎರಡು ಮನೆಯಲ್ಲಿ ಇನ್ನಿಬ್ಬರು ಮಲಗಿದ್ದರು. ಸಲೈನ್ ಬಾಟಲಿ ತೂಗಹಾಕಲು ಮೊಳೆ ಸಿಗದೆ ಮಗ್ಗದ ಮರಕ್ಕೇ ಕಟ್ಟಿದೆವು. ಅಂದು ನನಗೆ ಎರಡು ಸಲ ನರ ತಪ್ಪಿತು. ಕಂಪೌಂಡರ್ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ತಾನೇ ಹಾಕಿದ. ಮಗ್ಗದ ಪಕ್ಕದಲ್ಲಿ ಒಂದು ಗಡಿಗೆ ಇತ್ತು. ಕಂಡಿಕೆಯ ನೂಲು ಹರಿಯಬಾರದೆಂದು ತೋಯಿಸಿಡುವ ನೀರು ಅದು, ಓಣಿಯ ಬಾವಿಯದು. ಆ ಗಡಿಗೆಯ ಮೇಲೆ ಒಂದು ತಂಬಿಗೆ ಬೋರಲು ಹಾಕಿತ್ತು. ಯಾರೂ ಸುಳ್ಳು ಮಾತು ಕೊಟ್ಟಿರಲಿಲ್ಲ. ಇಡೀ ದಿನ ಕಂಡಿಕೆ ಸುತ್ತುವವಳಿಗೆ ನೀರಡಿಕೆಯಾದರೆ ಗುಡಿಯ ಬಾವಿಗೆ ಹೋಗಿ ಬರುವಷ್ಟು ಬಿಡುವಿರಲಿಲ್ಲ, ಕೈಗೆ ಸಿಕ್ಕ ಗಡಿಗೆಯಿಂದ ಕುಡಿಯುತ್ತಿದ್ದಳು. ಅದನ್ನು ಬಾವಿಯ ನೀರು ಕುಡಿಯುವುದೆಂದು ಓಣಿಯಲ್ಲಿ ಯಾರೂ ಎಣಿಸಿರಲಿಲ್ಲ.

ಸಾಹೇಬರು ಮಧ್ಯಾಹ್ನ ಬಂದರು. ರೋಗಿಗಳ ಹತ್ತಿರ ಹೋಗಲಿಲ್ಲ, ಬಾವಿಗೆ ಹೋದರು. ನೀರು ಸೇದಿಸಿ, ಗ್ಲಾಸಿಗೆ ಹನಿ ಹಾಕಿ, ಬಿಸಿಲಿಗೆ ಹಿಡಿದರು. ನೀರು ಹೇಗಿತ್ತೋ ಹಾಗೇ ಇತ್ತು. ರಿಜಿಸ್ಟರ್ ಕೇಳಿದರು, ಕೊಟ್ಟೆ. ಹಿಂದಿನ ದಿನವಷ್ಟೇ ತುಂಬಿದ ಆ ವಾರದ ಚೌಕದಲ್ಲಿ ನನ್ನ ಗುರುತಿತ್ತು. ಅವರು ಚೌಕ ನೋಡಿದರು, ಗ್ಲಾಸು ನೋಡಿದರು, ನನ್ನನ್ನು ನೋಡಿದರು. ಕಟ್ಟೆಯ ಸುತ್ತ ಜನ ಕೂಡಿತ್ತು. ಈಗ ಶುರುಮಾಡುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಅವರು ರಿಜಿಸ್ಟರ್ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಪುಡಿ ತರಿಸಿ, ತಾವೇ ಬಕೆಟ್ಟಿನಲ್ಲಿ ಕದಡಿ ಬಾವಿಗೆ ಇಳಿಸಿದರು. ಮರುದಿನ ಬೆಳಿಗ್ಗೆ ಶಾಂತವ್ವ ಸತ್ತಳು. ಉಳಿದಿಬ್ಬರು ಬದುಕಿದರು.

ಎರಡು ದಿನ ಬಿಟ್ಟು ಜಮಖಂಡಿಗೆ ಕರೆಸಿದರು. ಮೇಜಿನ ಮೇಲೆ ನನ್ನ ಅರ್ಜಿ ಇತ್ತು, ಪಕ್ಕದಲ್ಲಿ ರಿಜಿಸ್ಟರ್ ಇತ್ತು. ಕುಳಿತುಕೊಳ್ಳಲು ಹೇಳಿ ಬಾಗಿಲು ಮುಂದೆ ಮಾಡಿದರು. ಪುಡಿ ಹಾಕಿದ್ದಿರೋ ಇಲ್ಲವೋ ಎಂದು ಕೇಳಿದರು. ಇಲ್ಲ ಎಂದೆ, ಯಜಮಾನರು ಬಂದದ್ದು, ಬಣ್ಣ, ಪಂಚಮಿ, ಎಲ್ಲವನ್ನೂ ಹೇಳಿದೆ.

"ನನಗ್ಯಾಕ ಹೇಳಲಿಲ್ಲ?"

"ಅಂಜಿದ್ನಿರಿ ಸರ್."

"ಯಾರಿಗೆ?"

"ನಿಮಗ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ನೀರಿಗೆ ಅಂಜಬೇಕಿತ್ತು ತಂಗಿ. ನನಗ ಅಂಜಿದಿ."

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆಮೇಲೆ ಅವರಿಗೆ ಇನ್ನೊಂದು ಭಯ ಹೊಳೆದಿರಬೇಕು, ಮುಖ ಬಿಳಿಚಿತು. ನಿಮ್ಮದೊಂದೇ ಗುರುತು ಸುಳ್ಳೋ, ಉಳಿದವರೂ ಹೀಗೇ ಮಾಡುತ್ತಾರೋ ಎಂದು ಮೆಲ್ಲಗೆ ಕೇಳಿದರು. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಎಲ್ಲರೂ ಸುಳ್ಳು ಗುರುತು ಹಾಕುತ್ತಿದ್ದರು. ಪುಡಿ ಮುಗಿದಿದ್ದರೂ, ದಾರಿಯಲ್ಲಿ ಕೆಸರಿದ್ದರೂ, ಮೈ ಹುಷಾರಿಲ್ಲದಿದ್ದರೂ ಚೌಕ ಮಾತ್ರ ತುಂಬುತ್ತಿತ್ತು. ಆ ಬಾವಿಕಟ್ಟೆಯ ಪಾಠವನ್ನು ಎರಡನೆಯ ಸಲ ಕೇಳುವ ಶಕ್ತಿ ಯಾರಿಗೂ ಇರಲಿಲ್ಲ. ಸಾಹೇಬರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತರು. ಇಷ್ಟು ವರ್ಷ ತಾವು ನಂಬಿದ ಒಂದೊಂದು ಬಾವಿಯೂ ಅವರ ಕಣ್ಣ ಮುಂದೆ ಬಾಯಿ ತೆರೆದು ನಿಂತಿರಬೇಕು. ನನಗೆ ನನ್ನ ಭಯಕ್ಕಿಂತ ಅವರ ಭಯ ನೋಡುವುದು ಕಷ್ಟವಾಯಿತು.

ನಡೆದದ್ದನ್ನೆಲ್ಲ ನಿಮ್ಮ ಅಕ್ಷರದಲ್ಲೇ ಬರೆಯಿರಿ ಎಂದು ಹಾಳೆ ಕೊಟ್ಟರು. ಬರೆದೆ. ಅದನ್ನು ನನ್ನ ಅರ್ಜಿಗೇ ಪಿನ್ನು ಮಾಡಿ, ಅಭಿಪ್ರಾಯದ ಜಾಗದಲ್ಲಿ ಎರಡು ಸಾಲು ಬರೆದು ನನಗೆ ಓದಲು ಕೊಟ್ಟರು. ಇವರನ್ನು ಈ ವರ್ಷ ಕಳಿಸಬಾರದು. ಮುಂದಿನ ವರ್ಷ ತಪ್ಪದೆ ಕಳಿಸಬೇಕು. ನಾನು ಅಳಲು ಶುರುಮಾಡಿದೆ. ಶಾಂತವ್ವನಿಗಾಗಿ ಅತ್ತೆನೋ ನನಗಾಗಿ ಅತ್ತೆನೋ, ಎರಡನ್ನೂ ಬೇರೆ ಮಾಡಲು ನನಗೆ ಆಗಲಿಲ್ಲ. ಮುಂದಿನ ವರ್ಷ ಎಂಬುದು ನನಗೆ ಇಲ್ಲ, ಅಪ್ಪ ಹೀಗೆ ಹೇಳಿದ್ದಾನೆ ಎಂದು ಬಾಯಿಬಿಟ್ಟೆ.

ಆ ಭಾನುವಾರ ಸಾಹೇಬರು ನಮ್ಮ ಮನೆಗೆ ಬಂದರು. ಅಪ್ಪ ಗಡಿಬಿಡಿಯಿಂದ ಕುರ್ಚಿ ಹಾಕಿದ, ಅವ್ವ ಬಾಗಿಲ ಹಿಂದೆ ನಿಂತಳು. ಮನೆಯಲ್ಲಿ ಯಾರಿಗೂ ನಾನು ಏನೂ ಹೇಳಿರಲಿಲ್ಲ. ಏನೋ ನಯವಾಗಿ ಮಾತು ತೆಗೆದಾರು, ನನ್ನ ಮಾನ ಉಳಿಸಿಯಾರು ಎಂದುಕೊಂಡಿದ್ದೆ. ಅವರು ಕುಳಿತವರೇ ನೇರ ಮಾತಿಗೆ ಬಂದರು.

"ನಿಮ್ಮ ಮಗಳು ಒಂದು ಸುಳ್ಳು ಬರದಾರ್ರಿ. ಅದರಾಗ ಒಂದು ಜೀವ ಹೋಗೈತಿ. ಈಗ ಇವರನ್ನ ಮನ್ಯಾಗ ಕುಂಡ್ರಿಸಿದ್ರ ಆ ಜೀವ ಪುಕ್ಕಟ ಹೋದಂಗ ಆಕ್ಕೈತಿ. ಓದಾಕ ಕಳಸ್ರಿ."

ಅವ್ವ ಒಳಗೆ ಹೋದಳು. ಅಪ್ಪ ನನ್ನ ಕಡೆ ನೋಡಲಿಲ್ಲ. ಅಂದು ನಾನು ಸಾಹೇಬರನ್ನು ದ್ವೇಷಿಸಿದೆ. ಅಪ್ಪ, ಮುಂದಿನ ವರ್ಷವೂ ಸಿಗದಿದ್ದರೆ ಎಂದು ಕೇಳಿದ. ಆಗಲೂ ನಾನೇ ಬಂದು ಹೇಳುತ್ತೇನೆ ಎಂದು ಸಾಹೇಬರು ಎದ್ದುನಿಂತರು. ವಿಜಾಪುರದವರಿಗೆ ಒಂದು ವರ್ಷ ತಡೆಯಿರಿ ಎಂದು ಹೇಳಿಕಳಿಸಿದೆವು. ಅವರು ತಡೆಯಲಿಲ್ಲ, ಅದು ಬೇರೆ ಮಾತು.

ಆ ವರ್ಷ ಸಾಹೇಬರು ಬೇರೆಯೇ ಮನುಷ್ಯರಾದರು. ಪುಡಿ ಹಾಕುವವರನ್ನೆಲ್ಲ ಕರೆಸಿ, ಚೌಕ ಖಾಲಿ ಬಿಟ್ಟರೆ ನಾನು ಏನೂ ಅನ್ನುವುದಿಲ್ಲ, ಯಾಕೆ ಖಾಲಿ ಎಂದಷ್ಟೇ ಬರೆಯಿರಿ ಎಂದರು. ಮೊದಲು ಯಾರೂ ನಂಬಲಿಲ್ಲ. ಎರಡನೆಯ ತಿಂಗಳು ಬಂದ ರಿಜಿಸ್ಟರುಗಳಲ್ಲಿ ಅರ್ಧಕ್ಕರ್ಧ ಖಾಲಿ. ಸಾಹೇಬರು ಆ ಹಾಳೆಗಳ ಮುಂದೆ ಊಟ ಬಿಟ್ಟು ಕೂತದ್ದನ್ನು ನಾನು ನೋಡಿದ್ದೇನೆ. ಅವರು ಯಾರನ್ನೂ ಕಟ್ಟೆಯ ಮೇಲೆ ನಿಲ್ಲಿಸಲಿಲ್ಲ. ನೇಕಾರರ ಓಣಿಗೆ ಹೋಗಿ, ಬಣ್ಣಕ್ಕೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಎಂದು ಕೇಳಿದರು. ಪುಡಿ ಹಾಕುವ ಮುನ್ನವೇ ಬೆಳಿಗ್ಗೆ ಅಷ್ಟು ನೀರು ಸೇದಿ ಬಣ್ಣದ ಕಲ್ಲಿನ ದೋಣಿಯಲ್ಲಿ ತುಂಬಿಟ್ಟುಕೊಳ್ಳುವುದು, ಆಮೇಲೆ ಬಾವಿಗೆ ಪುಡಿ ಬೀಳುವುದು ಎಂದು ನಿಗದಿಯಾಯಿತು. ಕಂಡಿಕೆಯ ಗಡಿಗೆಗೂ ಪುಡಿ ಬಿದ್ದ ಮೇಲಿನ ನೀರನ್ನೇ ತುಂಬಿಸಿದರು. ಇಷ್ಟು ಸುಲಭದ ದಾರಿಯನ್ನು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಮರುವರ್ಷ ಆದೇಶ ಬಂತು. ಹೊರಡುವ ನಾಲ್ಕು ದಿನ ಮುಂಚೆ ಸಾಹೇಬರು ಜೀಪು ತಂದು, ಆ ಓಣಿಗೆ ಹೋಗಿ ಯಜಮಾನರನ್ನು ಕಂಡು ಬರೋಣ ಎಂದರು. ನಾನು ಬೇಡವೆಂದೆ. ನಾನು ಹೋದರೆ ಅವರಿಗೆ ದುಃಖ ಹೆಚ್ಚಾಗುತ್ತದೆ ಎಂದು ನೆಪ ಹೇಳಿದೆ. ಖರೆ ಎಂದರೆ ನನಗೇ ಅಂಜಿಕೆ ಇತ್ತು.

"ಆ ಮುದುಕ ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡು ಕುಂತಾನ. ಅವನ ಪಾಲು ಎಷ್ಟೈತೋ ಅಷ್ಟ ಅವಗಿರಲಿ," ಎಂದರು ಸಾಹೇಬರು.

ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಚಾಪೆ ತರಿಸಲು ಹೋದಾಗ ಸಾಹೇಬರು ಬೇಡವೆಂದು ನೆಲದ ಮೇಲೆಯೇ ಕುಳಿತರು, ನಾನೂ ಕುಳಿತೆ. ಲಾಳಿಯ ಸದ್ದು ನಿಂತಿತು. ನಾನು ಹೇಳಿದೆ. ನೀವು ಕೇಳಿದಿರಿ ಎಂದು ಪುಡಿ ನಿಲ್ಲಿಸಿದೆ, ನಿಲ್ಲಿಸಿದ್ದನ್ನು ಮುಚ್ಚಿಟ್ಟು, ಪುಡಿ ಹಾಕಿದೆ ಎಂದು ಬರೆದೆ, ನನ್ನ ಓದು ತಪ್ಪಬಾರದೆಂದು ಬರೆದೆ, ಹಾಗೆ ಬರೆಯದಿದ್ದರೆ ಸಾಹೇಬರು ಮರುದಿನವೇ ಬರುತ್ತಿದ್ದರು, ಈ ಗಡಿಗೆ ಅವರ ಕಣ್ಣಿಗೆ ಬೀಳುತ್ತಿತ್ತು. ನಾನು ನಿಲ್ಲಿಸಿದ ಮೇಲೆ ಸಾಹೇಬರು, ಇವರು ನನಗೆ ಅಂಜಿ ಹಾಗೆ ಬರೆದರು, ಅಂಜಿಸಿದವನು ನಾನು, ಅಷ್ಟು ನನ್ನ ಪಾಲು ಎಂದರು.

ಯಜಮಾನರು ಕೈಯಲ್ಲಿದ್ದ ಕಂಡಿಕೆಯನ್ನು ಒಮ್ಮೆ ತಿರುಗಿಸಿ ನೋಡಿ ಬದಿಗಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಪುಡಿ ಬ್ಯಾಡ ಅಂದಾಂವ ನಾ. ಅದನ್ನ ಸಾಯೂತನಕ ಮರಿಯಾಂಗಿಲ್ಲ. ಆದ್ರ ಇದು ಹಿಂಗ ಆಕ್ಕೈತಿ ಅನ್ನೂದು ನನಗ ಗೊತ್ತಿದ್ದಿಲ್ರಿ. ನಿಮಗಿಬ್ಬರಿಗೂ ಗೊತ್ತಿತ್ತು."

ಸಾಹೇಬರು ಹೌದು ಎಂದು ತಲೆಯಾಡಿಸಿದರು. ಯಜಮಾನರು ಮತ್ತೆ ನೇಯಲು ಶುರುಮಾಡಿದರು. ನಾವು ಎದ್ದು ಹೊರಗೆ ಬಂದೆವು. ನಾಲ್ಕನೆಯ ದಿನ ನಾನು ಓದಲು ಹೋದೆ.